ಸಾಲಿ ಕೇಳುವ ಮಲಕಾಜಪ್ಪ

ಮನೆ ಹುಡುಕಿಕೊಡಿ ಎಂದು ಬಂದವರನ್ನು ಮನೆಯ ಕಡೆಗಲ್ಲದೆ ಶಾಲೆಯ ಕಡೆಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ಗೋಡೆಯ ಹೊರಗೆ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು, “ಕೇಳ್ರಿ ಇಲ್ಲೆ” ಎನ್ನುವ ದಲಾಲ ಬೈಲಹೊಂಗಲದ ಮಲಕಾಜಪ್ಪನೊಬ್ಬನೇ ಇದ್ದಿರಬೇಕು. ಒಳಗಿನಿಂದ ಮಕ್ಕಳ ಮಗ್ಗಿ ಅಲೆಅಲೆಯಾಗಿ ಬರುತ್ತಿತ್ತು. ಹೊರಗೆ, ಬದಲಿಯಾಗಿ ಬಂದ ಗುಮಾಸ್ತನೋ ಪೋಸ್ಟ್ ಮಾಸ್ತರನೋ, ಹೆಂಡತಿಯ ಕಂಕುಳಿನ ಕೂಸನ್ನೊಮ್ಮೆ ಈ ವಿಚಿತ್ರ ಮನುಷ್ಯನನ್ನೊಮ್ಮೆ ನೋಡುತ್ತ, ತಾನು ಕೇಳಿದ್ದು ಬಾಡಿಗೆಯ ಮನೆಯನ್ನೋ ಅಥವಾ ಶಾಲೆಯ ನೌಕರಿಯನ್ನೋ ಎಂದು ತಿಳಿಯದೆ ನಿಂತಿರುತ್ತಿದ್ದ. ಮಲಕಾಜಪ್ಪನ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಹದಿನೇಳರ ಮಗ್ಗಿ ಎಲ್ಲಿಯೂ ಮುಗ್ಗರಿಸದೆ ನೂರಾ ಎಪ್ಪತ್ತನ್ನು ಮುಟ್ಟಿತೆಂದರೆ ಆಗ ಅವನು ಕಣ್ಣು ತೆರೆದು ಕಿಸೆಯಿಂದ ಮನೆಯ ಕೀಲಿ ತೆಗೆಯುತ್ತಿದ್ದ.

ಇದು ಅರವತ್ತು, ಎಪ್ಪತ್ತರ ದಶಕಗಳ ಮಾತು. ಕಿತ್ತೂರಿನಿಂದ, ಸವದತ್ತಿಯಿಂದ, ರಾಮದುರ್ಗದಿಂದ ಬರುವ ಕೆಂಪು ಬಸ್ಸುಗಳು ಧೂಳೆಬ್ಬಿಸಿ ನಿಂತಾಗ, ಟಾಪಿನ ಮೇಲಿಂದ ಟ್ರಂಕು, ಹಾಸಿಗೆಯ ಸುರುಳಿ, ಮಸಾಲೆ ಅರೆಯುವ ಕಲ್ಲು ಇಳಿಯಿತೆಂದರೆ ಒಂದು ಸಂಸಾರ ಊರಿಗೆ ಹೊಸದಾಗಿ ಬಂತೆಂದೇ ಅರ್ಥ. ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತ ಮಲಕಾಜಪ್ಪ ಆಗ ಎದ್ದು ಬರುತ್ತಿದ್ದ. ಎದ್ದು ಬರುವುದೆಂದರೆ ನೇರವಾಗಿ ಅಲ್ಲ. ಎಡಭುಜ ಮುಂದೆ ಚಾಚಿ, ನಾಲ್ಕು ಹೆಜ್ಜೆ ನಡೆದು, ಯಾರೋ ಹಿಂದಿನಿಂದ ಕರೆದರೆಂಬಂತೆ ನಿಂತು, ಮತ್ತೆ ನಾಲ್ಕು ಹೆಜ್ಜೆ. ಮೈಮೇಲೆ ಕರಿಯ ಕೋಟು. ನಿವೃತ್ತನಾಗಿ ಊರಿಗೆ ಹೊರಟ ಕೋರ್ಟಿನ ಬೇಲಿಫನೊಬ್ಬ ಕೊಟ್ಟುಹೋದ ಆ ಕೋಟು ಅವನಿಗೆ ಎರಡು ಅಳತೆ ದೊಡ್ಡದು. ತೋಳಿನೊಳಗಿಂದ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಚೈತ್ರದ ಬಿಸಿಲಿನಲ್ಲಿಯೂ ಅದನ್ನು ಬಿಚ್ಚುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಹೆಡ್‌ಮಾಸ್ತರು ಕೋಟು ಹಾಕಿದವರನ್ನ ಗೇಟಿನಾಗ ತಡಿಯೂದಿಲ್ರಿ” ಎನ್ನುತ್ತಿದ್ದ. ಉದ್ಯೋಗದ ಗುಟ್ಟು ಅದರಲ್ಲಿತ್ತು.

ಅವನಿಗೆ ಈ ಗೀಳು ಹಿಡಿದದ್ದಕ್ಕೆ ಕಾರಣ ದೂರ ಹುಡುಕಬೇಕಾಗಿಲ್ಲ. ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವನಪ್ಪ ಅಗ್ಗಕ್ಕೆ ಸಿಕ್ಕಿತೆಂದು ಹಳ್ಳದ ಆಚೆ ಮನೆ ಕೊಂಡ. ಮೃಗಶಿರೆ ಮಳೆ ಬಿದ್ದು ಹಳ್ಳ ತುಂಬಿತು. ಶಾಲೆ ಈಚೆ, ಹುಡುಗ ಆಚೆ. ದೀಪಾವಳಿಗೆ ನೀರು ಇಳಿಯುವ ಹೊತ್ತಿಗೆ ಹುಡುಗನ ಕೈಗೆ ಎತ್ತಿನ ಹಗ್ಗ ಬಂದಿತ್ತು. ಅಪ್ಪ ಕೆಟ್ಟವನಲ್ಲ, ಓದು ಬೇಡವೆಂದವನೂ ಅಲ್ಲ. ಮನೆ ನೋಡುವಾಗ ಬಾವಿ ನೋಡಿದ, ಗೋಡೆ ನೋಡಿದ, ನೆರೆಹೊರೆ ನೋಡಿದ. ಶಾಲೆಯ ದಾರಿಯನ್ನು ನೋಡಲಿಲ್ಲ, ಅಷ್ಟೇ. ಮಲಕಾಜಪ್ಪ ಈ ಸಂಗತಿಯನ್ನು ಯಾರ ಮುಂದೆಯೂ ಅತ್ತುಕೊಂಡು ಹೇಳಲಿಲ್ಲ. ಆದರೆ ಹೊಸ್ತಿಲು ದಾಟುವ ಮೊದಲೇ ಮಕ್ಕಳ ಹಣೆಬರಹ ಅರ್ಧ ಬರೆದಿರುತ್ತದೆ ಎಂಬುದು ಅವನಿಗೆ ಅಂದಿನಿಂದ ಗೊತ್ತಿತ್ತು.

ಹೀಗಾಗಿ ಅವನ ತಪಾಸಣೆ ಸರಕಾರಿ ಇನ್ಸ್‌ಪೆಕ್ಟರನ ತಪಾಸಣೆಗಿಂತ ಬಿಗಿಯಾಗಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಮೊದಲೇ ತಿಳಿಸಿ ಬರುತ್ತಾರೆ. ಆ ದಿನ ಶಾಲೆಗೆ ಸುಣ್ಣ, ಮಕ್ಕಳ ತಲೆಗೆ ಎಣ್ಣೆ, ಬಾಗಿಲಿಗೆ ಮಾವಿನೆಲೆ. ಮಲಕಾಜಪ್ಪ ಹೋಗುವುದು ಶನಿವಾರ ಮುಂಜಾನೆ ಏಳೂವರೆಗೆ. ಮಾಸ್ತರ ಸೈಕಲ್ಲು ಬಂದದ್ದೆಷ್ಟು ಹೊತ್ತಿಗೆ, ಕುಡಿಯುವ ನೀರಿನ ಹರವಿ ತುಂಬಿದೆಯೋ ಬೋರಲು ಬಿದ್ದಿದೆಯೋ, ಮೇಲಿನ ತರಗತಿಗಳಲ್ಲಿ ಹೆಣ್ಣುಮಕ್ಕಳ ತಲೆ ಎಷ್ಟು ಎಂಬುದೆಲ್ಲ ಅವನ ಕಣ್ಣಿಗೆ ಬೀಳಬೇಕು. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಚಹಾ ಕುಡಿಯುತ್ತ ಸಹಜವಾಗಿ ಕೇಳುತ್ತಿದ್ದ: “ಅಲ್ರಿ, ಹೆಡ್‌ಮಾಸ್ತರ ಸ್ವಂತ ಮಕ್ಕಳು ಯಾವ ಸಾಲಿಗೆ ಹೊಕ್ಕಾರ?” ಈ ಪ್ರಶ್ನೆಗೆ ಅಂಗಡಿಯವನು ನಕ್ಕುಬಿಟ್ಟರೆ ಆ ಓಣಿಯ ಮನೆಗಳನ್ನೆಲ್ಲ ಅವನು ಮನಸ್ಸಿನಿಂದ ಅಳಿಸಿಹಾಕುತ್ತಿದ್ದ. ಮನೆಯ ಮಾಲೀಕರು ಸಿಟ್ಟಾಗದೆ ಇರುತ್ತಾರೆಯೇ? “ನನ್ನ ಮನಿ ಹಚ್ಚಿಕೊಡಂದ್ರ ಸಾಲಿ ಬೈಕೋತ ಅಡ್ಡಾಡತಾನ” ಎಂದು ಅವರು, “ಊರಿಗೆ ಉಪಕಾರಿ, ಮನಿಗೆ ಮಾರಿ” ಎಂದು ಹೆಂಡತಿ ಬಾಯವ್ವ. ಎರಡೂ ಮಾತನ್ನು ಅವನು ಒಂದೇ ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುತ್ತಿದ್ದ.

ಒಮ್ಮೆ ಕಿತ್ತೂರಿನಲ್ಲಿ ಹೊಸದಾಗಿ ಮದುವೆಯಾದ ಗುಮಾಸ್ತನೊಬ್ಬನಿಗೆ ಮನೆ ಬೇಕಾಗಿತ್ತು. ಮಲಕಾಜಪ್ಪ ಪದ್ಧತಿಯಂತೆ ಶಾಲೆಯ ಕಡೆಗೆ ತಿರುಗಿದ. ಗುಮಾಸ್ತ ಸಂಕೋಚದಿಂದ, “ನಮಗ ಇನ್ನೂ ಮಕ್ಕಳಿಲ್ರಿ” ಎಂದ.

“ಹಂಗಲ್ಲ, ಕೇಳ್ರಿ ಇಲ್ಲೆ. ಇವತ್ತಿಲ್ಲ, ಒಪ್ಪಿದೆ. ಮನಿ ಏನು ಇವತ್ತಿನ ಮಟ್ಟಿಗಷ್ಟ ಹಿಡಿತೀರೇನು?”

ಪಕ್ಕದಲ್ಲಿದ್ದ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕೋಟೆಯ ಗೋಡೆಯ ಕಡೆ ಮುಖ ತಿರುಗಿಸಿದಳಂತೆ. ಆ ದಂಪತಿಗಳು ಅಲ್ಲಿಯೇ ಉಳಿದು, ಮೂರು ಮಕ್ಕಳನ್ನು ಅದೇ ಶಾಲೆಗೆ ಕಳಿಸಿ, ಪ್ರತಿ ಸಂಕ್ರಾಂತಿಗೆ ಮಲಕಾಜಪ್ಪನ ಮನೆಗೆ ಎಳ್ಳು ಬೆಲ್ಲ ಕೊಟ್ಟು ಹೋಗುತ್ತಿದ್ದರು. ಇಂಥ ಕಥೆಗಳು ಬೆಳೆದು ಬೆಳೆದು, ಮಲಕಾಜಪ್ಪನ ಕಿವಿ ಸುಳ್ಳು ಹೇಳುವುದಿಲ್ಲ ಎಂಬ ಮಾತು ನಾಲ್ಕು ತಾಲೂಕುಗಳಲ್ಲಿ ಹಬ್ಬಿತು. ಮನುಷ್ಯನ ಯಾವ ಅಂಗಕ್ಕೂ ಅಷ್ಟು ಹೊಗಳಿಕೆ ಒಳ್ಳೆಯದಲ್ಲ. ಬರಬರುತ್ತ ಅವನು ಗೇಟು ದಾಟಿ ಕಣ್ಣಾರೆ ನೋಡುವುದನ್ನು ಬಿಟ್ಟು ಕಿವಿಯನ್ನೇ ನಂಬತೊಡಗಿದ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ದಂಡೆಯ ಊರುಗಳು ಒಂದೊಂದಾಗಿ ಜಾಗ ಬಿಟ್ಟು ಎದ್ದವು. ಹಾಗೆ ಎದ್ದು ಬಂದವರಲ್ಲಿ ಯಮನಪ್ಪ, ಕೆಂಪವ್ವ ಎಂಬ ಗಂಡಹೆಂಡತಿಯರಿದ್ದರು. ಎಪ್ಪತ್ತನಾಲ್ಕರ ಬೇಸಿಗೆ. ಯಮನಪ್ಪ ಮಾತು ಕಡಿಮೆಯವ. ನೀರಿನಡಿ ಹೋದ ಹೊಲದ ಕಡೆಗೇ ಅವನ ಮನಸ್ಸು. ಮಾತೆಲ್ಲ ಕೆಂಪವ್ವನದು. ಅವಳ ಪಕ್ಕದಲ್ಲಿ ಮಗಳು ಮಾಯವ್ವ, ಎರಡು ಜಡೆ, ಎದೆಗೆ ಅವಚಿದ ಪಾಟಿಚೀಲ. ಆರನೆಯ ಇಯತ್ತೆ ಮುಗಿಸಿದ್ದಳು. ಮುಂದಿನದು ಏಳನೆಯದು, ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಆ ಕಾಲದಲ್ಲಿ ಮುಲ್ಕಿ ಪಾಸಾದ ಹಳ್ಳಿಯ ಹುಡುಗಿಗೆ ಹೈಸ್ಕೂಲಿನ ಬಾಗಿಲು ತೆರೆಯುತ್ತಿತ್ತು, ಅದರಾಚೆ ಶಿಕ್ಷಕಿಯಾಗುವ ದಾರಿ. ನಪಾಸಾದವಳಿಗೆ ತಾಳಿ ತಯಾರಾಗಿರುತ್ತಿತ್ತು. ಮಾಯವ್ವನಿಗೆ ಸೋದರಮಾವನೊಬ್ಬನಿದ್ದ. ಯಮನಪ್ಪ ಮಾತು ಕೊಟ್ಟಾಗಿತ್ತು: ಪಾಸಾದರೆ ಓದು, ಇಲ್ಲದಿದ್ದರೆ ಮುಂದಿನ ವೈಶಾಖದಲ್ಲಿ ಅಕ್ಕಿಕಾಳು.

“ಬಾವಿ ಉಪ್ಪಿದ್ರೂ ನಡಿತೈತ್ರಿ, ಮಾಳಿಗಿ ಸೋರಿದ್ರೂ ನಡಿತೈತಿ,” ಎಂದಳು ಕೆಂಪವ್ವ. “ಸಾಲಿ ಛಲೋ ಇರಬೇಕು. ಇಕಿ ಸಾಲಿ ಅಕ್ಕೋರಾಗಬೇಕಂತ ನನ್ನ ಜೀವದಾಗ ಐತಿ.”

ಇಷ್ಟು ವರ್ಷದಲ್ಲಿ ಅವನ ಪ್ರಶ್ನೆಯನ್ನು ಅವನಿಗಿಂತ ಮೊದಲು ಕೇಳಿದವಳು ಅವಳೊಬ್ಬಳೇ. ಮಲಕಾಜಪ್ಪ ಉಬ್ಬಿಹೋದ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯ ಎರಡು ಊರುಗಳಲ್ಲಿ ಅವರಿಗೆ ಹೊಂದುವ ಮನೆಗಳಿದ್ದವು. ಊರುಗಳ ಹೆಸರು ಬೇಡ. ಮಾಸ್ತರುಗಳ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಬೇಸಿಗೆ ಸೂಟಿ ಇನ್ನೂ ಬಿಟ್ಟಿರಲಿಲ್ಲ. ಮೊದಲನೆಯ ಊರಿನ ಶಾಲೆಯ ಹೊರಗೆ ಅವನು ಅರ್ಧ ತಾಸು ನಿಂತ. ಒಂದು ಸದ್ದಿಲ್ಲ. ಗಾಳಿಗೆ ಕಿಟಕಿಯ ಬಾಗಿಲು ಬಡಿದುಕೊಂಡದ್ದಷ್ಟೇ. “ಸತ್ತ ಸಾಲಿ” ಎಂದು ತಲೆ ಕೊಡವಿ ಬಸ್ಸು ಹತ್ತಿದ. ಎರಡನೆಯ ಊರಿನಲ್ಲಿ ಮಾತ್ರ ಕಿವಿಗೆ ಹಬ್ಬ. ಹನ್ನೊಂದಕ್ಕೆ ಹೋದಾಗ ಹದಿಮೂರರ ಮಗ್ಗಿ ಮೊಳಗುತ್ತಿತ್ತು. ಇನ್ನೊಂದು ದಿನ ಎರಡು ಗಂಟೆಗೆ ಹೋದರೆ ಹತ್ತೊಂಬತ್ತರದು. ಮೂರನೆಯ ದಿನ ನಾಲ್ಕಕ್ಕೆ ಹೋದರೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಕೂಡ, ಗುಡುಗಿನಂತೆ. ಮೂರು ಸಲ ಕೇಳಿ, ಮೂರು ಸಲ ಕಣ್ಣು ಮುಚ್ಚಿ ತೆರೆದು, ಕೆಂಪವ್ವನಿಗೆ ಹೇಳಿದ: “ಕಣ್ಣು ಮುಚ್ಚಿ ತೊಗೊಳ್ರಿ.” ಅವರು ಊರು ಮುಳುಗಿದ್ದಕ್ಕೆ ಬಂದ ಪರಿಹಾರವನ್ನೆಲ್ಲ ಸುರಿದು ಆ ಮನೆ ಕೊಂಡರು.

ಮನೆ ಹಿಡಿಸಿದವರನ್ನು ದೀಪಾವಳಿ ಮುಗಿದ ಮೇಲೆ ಒಮ್ಮೆ ಹೋಗಿ ಕಾಣುವುದು ಅವನ ಪದ್ಧತಿ. ಕೆಂಪವ್ವ ಚಹಾ ಕೊಟ್ಟಳು. ಮಾಯವ್ವನನ್ನು ಕರೆದು ಹತ್ತೊಂಬತ್ತರ ಮಗ್ಗಿ ಕೇಳಿದ. ಹುಡುಗಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೇಳಿದಳು. ಖುಷಿಯಾಗಿ, “ಈಗ ನಿಮ್ಮ ಅತ್ತಿಗೊಂದು ಪತ್ರ ಬರಿ ನೋಡೋಣು, ಹೊಸ ಮನಿ ಹೆಂಗೈತಂತ” ಎಂದ. ಮಾಯವ್ವ ಹಾಳೆ ತಂದಳು. ಬಹಳ ಹೊತ್ತು ಕೂತಳು. ‘ತೀರ್ಥರೂಪ ಅತ್ತಿಯವರಿಗೆ’ ಎಂದು ಬರೆದು ಪೆನ್ನಿನ ತುದಿ ಕಚ್ಚಿದಳು. ಮುಂದೆ ಸಾಗಲಿಲ್ಲ. ಅವಳ ನೋಟುಬುಕ್ಕು ತರಿಸಿ ನೋಡಿದರೆ ಐದು ತಿಂಗಳಲ್ಲಿ ಎಂಟೇ ಪುಟ ತುಂಬಿದ್ದವು.

“ಮಾಸ್ತರು ಏನು ಕಲಿಸ್ಯಾರ?”

“ಮಗ್ಗಿ ಹಚ್ಚಿ ಹೋಗತಾರ್ರಿ.”

“ಎಲ್ಲಿಗೆ?”

“ಸಾಲಿ ಹಿತ್ತಲಾಗ ಅವರ ಮೆಣಸಿನಕಾಯಿ ತೋಟ ಐತಿ. ನಾವು ಸುಮ್ಮನಾದ್ರ ಅಲ್ಲಿಂದನ ಒದರತಾರ, ‘ಹೂಂ, ಮುಂದಿಂದು!’ ಅಂತ.”

ಮಲಕಾಜಪ್ಪ ಚಹಾದ ಬಟ್ಟಲನ್ನು ಕೆಳಗಿಟ್ಟ. ಅವನು ರಸ್ತೆಯ ಬದಿ ನಿಂತು ಕೇಳಿದ್ದನ್ನೇ ಮಾಸ್ತರು ತೋಟದಲ್ಲಿ ನಿಂತು ಕೇಳುತ್ತಿದ್ದರು. ಗದ್ದಲವಿದ್ದರೆ ಶಾಲೆ ನಡೆದಿದೆ ಎಂದು ಊರೂ ನಂಬಿತ್ತು, ಇನ್ಸ್‌ಪೆಕ್ಟರೂ ನಂಬಿದ್ದರು, ನಾಲ್ಕು ತಾಲೂಕಿನ ಕಿವಿಯೂ ನಂಬಿತ್ತು. ಹಿಂದಿರುಗುವಾಗ ಅವನು ಮೊದಲನೆಯ ಊರಿನಲ್ಲಿ ಬಸ್ಸಿಳಿದು ಆ ‘ಸತ್ತ ಸಾಲಿ’ಯ ಕಿಟಕಿಯಲ್ಲಿ ಮೊಟ್ಟಮೊದಲ ಬಾರಿಗೆ ಇಣುಕಿ ನೋಡಿದ. ಮೂವತ್ತು ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರು. ಮಾಸ್ತರೊಬ್ಬರು ಸಾಲಿನಿಂದ ಸಾಲಿಗೆ ಮೆಲ್ಲಗೆ ನಡೆದು, ಒಬ್ಬೊಬ್ಬರ ಪುಟದ ಮೇಲೆ ಬೆರಳಿಟ್ಟು, ಏನೋ ಪಿಸುಗುಟ್ಟಿ ಮುಂದೆ ಹೋಗುತ್ತಿದ್ದರು. ಅಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಮರುದಿನ ಕೆಂಪವ್ವನ ಮುಂದೆ ಹೋಗಿ ನಿಂತ. “ತಪ್ಪಾತು ತಂಗಿ. ಈ ಮನಿ ಮಾರಿ ಆ ಊರಾಗ ಹಿಡಿಸಿಕೊಡ್ತೇನಿ. ಅದರ ಹೊಣಿ ನನ್ನ ಜಿಮ್ಮಾ.”

ಕೆಂಪವ್ವ ಕಸಬರಿಗೆ ಬದಿಗಿಟ್ಟಳು. ಕೂಗಾಡಲಿಲ್ಲ; ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ಊರನ್ನ ನೀರಿಗೆ ಬಿಟ್ಟು ಬಂದೇವ್ರಿ. ದೇವರ ಜಗಲಿ ಕಿತ್ತು ಇಲ್ಲಿ ತಂದು ಹೂಡೀನಿ. ಇನ್ನೊಂದು ಸರ್ತಿ ಗಂಟು ಕಟ್ಟಾಕ ನನ್ನ ಕಡೆ ಆಗೂದಿಲ್ಲ. ಮನಿ ನೋಡಿಕೊಡ್ರಿ ಅಂತ ನಿಮ್ಮ ಕಡೆ ನಾ ಬಂದಿದ್ದಿಲ್ಲ. ಸಾಲಿ ನೋಡಿಕೊಡ್ರಿ ಅಂತ ಬಂದಿದ್ನಿ.”

ಊರಿಗೆ ಮರಳಿದಾಗ ಯಾರೋ ಮಾಸ್ತರ ಮೇಲೆ ಅರ್ಜಿ ಹಾಕು ಎಂದರು. ಮಲಕಾಜಪ್ಪನಿಗೆ ಕಚೇರಿಯ ಗಡಿಯಾರ ಗೊತ್ತಿತ್ತು. ಅರ್ಜಿ ಹೋಗಿ, ವಿಚಾರಣೆಯಾಗಿ, ಮಾಸ್ತರು ಬದಲಿಯಾಗಿ, ಹೊಸಬರು ಬರುವ ಹೊತ್ತಿಗೆ ಮಾರ್ಚ್ ಮುಗಿದು ಮಾಯವ್ವನ ಕೊರಳಿಗೆ ತಾಳಿ ಬಿದ್ದಿರುತ್ತದೆ. ಎರಡು ದಿನ ಊಟ ರುಚಿಸದೆ ಕೂತು, ಮೂರನೆಯ ದಿನ ಕೋಟು ತೊಟ್ಟು, ಬುತ್ತಿ ಕಟ್ಟಿಸಿಕೊಂಡು, ಮುಂಜಾನೆಯ ಬಸ್ಸು ಹತ್ತಿದ. ಹತ್ತೂವರೆಗೆ ಗಂಟೆ ಹೊಡೆದಾಗ ಮಾಯವ್ವನ ಶಾಲೆಯಲ್ಲಿ ಏಳನೆಯ ಇಯತ್ತೆಯ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ.

ಮೆಣಸಿನಕಾಯಿ ತೋಟದ ಆ ನಿಜಗುಣಪ್ಪ ಮಾಸ್ತರು ಕೋಟು ನೋಡಿ ಮೊದಲು ಹೆದರಿದರು, ಆಮೇಲೆ ಗುರುತು ಹಿಡಿದು ಸಮಾಧಾನಗೊಂಡರು.

“ಏನು ಬೇಕಾಗಿತ್ರಿ?”

“ಏನಿಲ್ರಿ. ಸಾಲಿ ಕೇಳಾಕ ಬಂದೇನಿ.”

ಮಾಸ್ತರು ಮಕ್ಕಳಿಗೆ ಕೈಸನ್ನೆ ಮಾಡಿದರು. ಹದಿನಾಲ್ಕು ಕಂಠಗಳು ಮಗ್ಗಿ ಎತ್ತಿದವು. ಮಲಕಾಜಪ್ಪ ಕೇಳಿದ. ಮುಗಿಯಿತು. ಅವನು ಏಳಲಿಲ್ಲ. “ಇದನ್ನ ಬ್ಯಾಸಗಿಯಾಗನ ಕೇಳೇನ್ರಿ. ಮುಂದಿಂದು ಏನೈತಿ, ಅದನ್ನ ಕೇಳತೇನಿ” ಎಂದ. ಮಾಸ್ತರು ತಾಸೊಂದು ತಡೆದರು, ಹಿತ್ತಲ ಕಡೆಗೆ ನಾಲ್ಕು ಸಲ ನೋಡಿದರು. ಕಟ್ಟೆಯ ಮೇಲಿನ ಕರಿಕೋಟು ಅಲುಗಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಭೂಗೋಳದ ಪುಸ್ತಕ ತೆಗೆದರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಬಸ್ಸಿನ ಕಂಡಕ್ಟರ್, “ಏನ್ ಕಾಕಾ, ಏಳನೇತ್ತೆಗೆ ಹೆಸರು ಹಚ್ಚೀರೇನು?” ಎಂದು ಚೇಷ್ಟೆ ಮಾಡಿದ. ಬಾಯವ್ವ, “ದಂಧೆ ಬಿಟ್ಟು ಕಟ್ಟಿ ಕಾಯಾಕ ನಿಂತಾನ, ಹುಚ್ಚ ಹಿಡದೈತಿ” ಎಂದು ಓಣಿಗೆಲ್ಲ ಕೇಳುವಂತೆ ಬೈದು, ಓಣಿಗೆ ಕಾಣದಂತೆ ಬುತ್ತಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇಟ್ಟಳು.

ಹದಿನೈದು ದಿನಕ್ಕೆ ಮಾಸ್ತರ ತಾಳ್ಮೆ ಹರಿಯಿತು. ಮಕ್ಕಳೆದುರಿಗೇ ಹೊರಗೆ ಬಂದು, “ನೀವೇನು ಸರಕಾರದವರೇನ್ರಿ?” ಎಂದು ಗದರಿದರು.

“ಅಲ್ರಿ. ದಲಾಲ.”

“ಸಾಲಿಯಾಗ ದಲಾಲಗ ಏನು ಕೆಲಸ?”

“ಮಾಲು ಛಲೋ ಐತಂತ ಹೇಳಿ ಕೊಡಿಸೀನ್ರಿ. ಖೋಟಾ ಬಂದ್ರ ದಲಾಲನ ಜವಾಬು. ನೀವು ಕೆಟ್ಟವರಂತ ನಾ ಎಲ್ಲೂ ಅಂದಿಲ್ಲ. ನಾ ಕಿವುಡ ಅಂತನ ಹೇಳಿಕೋತ ಬಂದೇನಿ.”

ಮಾಸ್ತರು ಒಳಗೆ ಹೋದರು. ಅಂದು ಮಧ್ಯಾಹ್ನ ಹಲಗೆಯ ಮೇಲೆ ಮಲಪ್ರಭೆಯನ್ನು ಅದರ ಹುಟ್ಟಿನಿಂದ ಕೃಷ್ಣೆಯನ್ನು ಕೂಡುವವರೆಗೆ ಒಂದೇ ಗೆರೆಯಲ್ಲಿ ಬರೆದರು. ಆಣೆಕಟ್ಟಿನ ಜಾಗದಲ್ಲಿ ಬೆರಳಿಟ್ಟು, ಮಾಯವ್ವನನ್ನು ಎಬ್ಬಿಸಿ, ಅವಳ ಮುಳುಗಿದ ಊರು ಎಲ್ಲಿತ್ತು ತೋರಿಸು ಎಂದರು. ಹುಡುಗಿ ಸೀಮೆಸುಣ್ಣ ಹಿಡಿದು ಒಂದು ಚುಕ್ಕೆಯಿಟ್ಟಳು. “ಈಗ ಅಲ್ಲಿ ಏನೇನಿತ್ತು, ಎಲ್ಲಾ ಬರಿ” ಎಂದರು ಮಾಸ್ತರು. ಮಾಯವ್ವ ಆ ಸಂಜೆಯವರೆಗೆ ಬರೆದಳು. ಕಟ್ಟೆಯ ಮೇಲೆ ಕೂತ ಮಲಕಾಜಪ್ಪನಿಗೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು; ಇಷ್ಟು ವರ್ಷ ಇದೊಂದನ್ನು ತಾನು ಕೇಳಿರಲೇ ಇಲ್ಲವಲ್ಲ ಎಂದು ಅವನಿಗೆ ಅಳು ಬಂತು. ನಿಜಗುಣಪ್ಪ ಮಾಸ್ತರು ಕಲಿಸಬಲ್ಲವರಾಗಿದ್ದರು. ಒಂದು ಕಾಲಕ್ಕೆ ಬಹಳ ಚೆನ್ನಾಗಿ ಕಲಿಸಿದವರೂ ಹೌದು. ಕೇಳುವವರಿಲ್ಲದೆ ಕಲಿಸುವುದು ಯಾವಾಗಲೋ ನಿಂತುಹೋಗಿತ್ತು.

ಆ ವರ್ಷ ತೋಟದ ಮೆಣಸಿನಕಾಯಿ ಗಿಡದಲ್ಲೇ ಕೆಂಪಗಾಗಿ, ಒಣಗಿ, ಉದುರಿತು. ಮಾರ್ಚಿನವರೆಗೆ ಮಾಸ್ತರೂ ದಲಾಲನೂ ಒಂದು ದಿನ ತಪ್ಪಿಸಲಿಲ್ಲ. ಪರೀಕ್ಷೆಯ ದಿನ ಯಮನಪ್ಪ ತಾನೇ ಮಗಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಹೊರಗೆ ಗಿಡದ ನೆರಳಲ್ಲಿ ಸಂಜೆಯವರೆಗೆ ಕೂತ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕೆಂಪವ್ವ ಬಸ್ಸಿನ ದಾರಿ ಕಾಯದೆ, ಸಿಕ್ಕ ಚಕ್ಕಡಿ ಹತ್ತಿ ಬೈಲಹೊಂಗಲಕ್ಕೆ ಬಂದಳು. ಚಹಾದ ಅಂಗಡಿಯೆದುರು ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

“ಪಾಸಾದ್ಲುರಿ ಅಣ್ಣಾರ. ನಮ್ಮ ಮಾಯಿ ಪಾಸಾದ್ಲು. ಹೈಸ್ಕೂಲಿಗೆ ಹಚ್ಚೂದಂತ ಅವರಪ್ಪನ ಅಂದ್ರು.”

ಅಂಗಡಿಯಲ್ಲಿದ್ದವರೆಲ್ಲ ಬೆನ್ನು ತಟ್ಟಿದರು. ಯಾರೋ ಫೇಡೆ ತರಿಸಿದರು. ಮಲಕಾಜಪ್ಪ ಫೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ: “ಹದಿನಾಲ್ಕು ಮಂದಿ ಇದ್ರಲ್ಲ. ಪಾಸು ಎಷ್ಟು?”

“ಒಂಬತ್ತು ಅಂತ್ರಿ.”

“ಅಂದ್ರ ಐದು ಉಳದ್ವು” ಎಂದ ಮಲಕಾಜಪ್ಪ.

ಆ ಐವರಿಗೆ ಅವನು ಮನೆ ಕೊಡಿಸಿರಲಿಲ್ಲ. ಅವರ ತಾಯಂದಿರು ಅವನ ಹತ್ತಿರ ಬಂದವರಲ್ಲ, ಅವನಿಂದ ಮಾತು ಪಡೆದವರಲ್ಲ. ಆದರೂ ಜೂನಿನಲ್ಲಿ ಶಾಲೆಯ ಬಾಗಿಲು ತೆರೆದ ದಿನ ಅವನು ಅದೇ ಬಸ್ಸಿನಿಂದ ಇಳಿದ. ನಿಜಗುಣಪ್ಪ ಮಾಸ್ತರು ಹೊರಗೆ ಬಂದು ಅವನನ್ನು ನೋಡಿ, ತಮ್ಮ ಕುರ್ಚಿಯನ್ನೇ ಎತ್ತಿ ತಂದು ಕಟ್ಟೆಯ ಮೇಲಿಟ್ಟರು.

“ಕೂಡ್ರಿ,” ಎಂದರು. “ಐದೂ ಬಂದಾವ.”

ಈಗ ಮನೆ ತೋರಿಸುವವರಿಗೆ ಕೊರತೆಯಿಲ್ಲ. ನಳ, ಬಿಸಿಲು, ದಿಕ್ಕು ಎಲ್ಲ ಬಾಯಿಪಾಠ ಹೇಳುತ್ತಾರೆ, ಕೀಲಿ ಕೈಗಿತ್ತ ಮೇಲೆ ದಾರಿಯಲ್ಲಿ ಕಂಡರೂ ಗುರುತು ಹಿಡಿಯುವುದಿಲ್ಲ. ಹಿಂದಿನವರೆಲ್ಲ ದೇವರಾಗಿದ್ದರು ಎಂದಲ್ಲ. ಆಗಲೂ ಮಾತು ಕೊಡುವವರು ಬಹಳ, ಉಳಿಸಿಕೊಳ್ಳುವವರು ಕೆಲವರು. ಆದರೆ ತನ್ನ ಮಾತು ಸುಳ್ಳಾಯಿತೆಂದು ತಿಳಿದ ಮೇಲೆ, ಆ ಸುಳ್ಳನ್ನು ನಿಜ ಮಾಡುವವರೆಗೆ ಅದರ ಬಾಗಿಲಲ್ಲೇ ಬುತ್ತಿ ಕಟ್ಟಿಕೊಂಡು ಬಂದು ಕೂರುವ ಒಂದು ಜಾತಿಯ ಮನುಷ್ಯರಿದ್ದರು. ಅವರು ಓದಿದವರಲ್ಲ, ಅಧಿಕಾರದವರಲ್ಲ. ತಮಗೆ ಸಿಗದೆ ಹೋದದ್ದು ಇನ್ನೊಬ್ಬರ ಮಕ್ಕಳಿಗೂ ಸಿಗದೆ ಹೋಗುವುದನ್ನು ನೋಡಲಾರದವರು, ಅಷ್ಟೇ. ಅಂಥವರು ಒಂದು ಮಗುವಿಗಾಗಿ ಬಂದು ಕೂರುತ್ತಾರೆ. ಏಳಬೇಕೆನ್ನುವಷ್ಟರಲ್ಲಿ ಉಳಿದ ಮಕ್ಕಳು ಅವರ ಕಣ್ಣಿಗೆ ಬಿದ್ದಿರುತ್ತಾರೆ.